ಎರಡನೆಯ ಅಚ್ಚು

ನ್ಯಾಷನಲ್ ಮಾರ್ಕೆಟ್ಟಿನ ಮೂರನೇ ಓಣಿಯಲ್ಲಿ
ನನ್ನ ಮೇಜು ಎರಡು ಮೊಳ.
ಅದರ ಮೇಲೆ ಚಿಮಟ, ಭೂತಗನ್ನಡಿ, ಸ್ಪಿರಿಟ್ಟಿನ ಸೀಸೆ,
ಬೋರಲು ಮಲಗಿಸಿದ ಒಂದು ಆಟದ ಪೆಟ್ಟಿಗೆ.
ಗಂಗಹನುಮಕ್ಕನದು.

ಕಾಡುಗೋಡಿ ಬಸ್ಸಿನ ಕಂಡಕ್ಟರ್.
ಎರಡು ಟ್ರಿಪ್ಪಿನ ನಡುವೆ ಸಿಗುವ ಹದಿನೆಂಟು ನಿಮಿಷದಲ್ಲಿ
ಮೆಜೆಸ್ಟಿಕ್ಕಿನ ಕಲ್ಲುಬೆಂಚಿನ ಮೇಲೆ ಕೂತು
ಕತ್ತಿ ಹಿಡಿದ ಹುಡುಗನೊಬ್ಬನನ್ನು ಸೇತುವೆ ದಾಟಿಸುತ್ತಾಳೆ.
ದಾಟಿಸುತ್ತಿದ್ದಳು.

‘ಕೈ ತೆಗೆದರೂ ಎಡಕ್ಕೇ ಹೋಗ್ತಾನೆ ಕಣಯ್ಯ,
ಸೀದಾ ಹೊಳೆಗೆ.
ಇಪ್ಪತ್ತೆರಡು ವರ್ಷ ರೈಟ್ ರೈಟ್ ಅಂದ ಬಾಯಿ ನಂದು.
ಇವನೊಬ್ಬ ಕೇಳಲ್ಲ.’

ಬಿಚ್ಚಿದೆ. ಗೊತ್ತಿದ್ದದ್ದೇ.
ಕಡ್ಡಿಯ ಬುಡದ ಕಪ್ಪು ಪಟ್ಟಿ
ಬೆರಳು ತಿರುಗಿದಲ್ಲೆಲ್ಲ ಸವೆದು ಬಿಳಿಚಿದೆ,
ಬಾಗಿಲ ಹತ್ತಿರದ ಫುಟ್‌ಬೋರ್ಡಿನ ಹಾಗೆ.
ಬ್ಯಾಟರಿ ದರ್ಶಿನಿಯ ಪೂರಿಯಂತೆ ಉಬ್ಬಿದೆ.
ತಿರುಪು ಮೊಳೆಗಳು ಪ್ಲಾಸ್ಟಿಕ್ಕಿನಲ್ಲಿ ಹಿಡಿತ ಸಿಗದೆ
ಸುಮ್ಮನೆ ಸುತ್ತುತ್ತವೆ.
ಅದು ನನ್ನದೇ ತಪ್ಪು, ಅಷ್ಟು ಸಲ ಬಿಚ್ಚಿದ್ದೇನೆ.

‘ಹೊಸದು ಬಂದಿದೆ ಅಕ್ಕ.
ಅದೇ ಹೆಸರು, ಅದೇ ಮುಖ.
ಡಬ್ಬಿಯ ಬೆನ್ನಲ್ಲಿ ಒಂದಕ್ಷರ ಬೇರೆ.’

ಕೊಂಡು ತಂದ ರಾತ್ರಿಯೇ ನಾನೊಂದನ್ನು ತೆರೆದಿದ್ದೆ.
ಮನೆಯಾಕೆ ಬೈದಳು: ಊರಿನವರು ಆಡೋಕೆ ತರ್ತಾರೆ, ನೀನು ಕೊಯ್ಯೋಕೆ.
ಕೊಯ್ದವನಿಗೆ ಕಂಡದ್ದು ಇಷ್ಟು.
ಕಡ್ಡಿಯ ಬುಡದಲ್ಲಿ ಈಗ ಉಜ್ಜುವಂಥದ್ದೇನೂ ಇಲ್ಲ,
ಎಳ್ಳಿನಷ್ಟು ಅಯಸ್ಕಾಂತ,
ಅದನ್ನು ಮುಟ್ಟದೆ ನೋಡುವ ಒಂದು ಕಣ್ಣು.
ಮುಟ್ಟದ್ದು ಸವೆಯುವುದಿಲ್ಲ.
ಪ್ರತಿ ತಿರುಪಿಗೂ ಹಿತ್ತಾಳೆಯ ಗೂಡು.
ಬ್ಯಾಟರಿಯನ್ನು ಅಂಟಿನಲ್ಲಿ ಹೂತಿಲ್ಲ,
ಹಿಡಿದೆಳೆಯಲು ಒಂದು ಬಾಲ ಬಿಟ್ಟಿದ್ದಾರೆ.
ಫ್ಯಾನಿಗೆ ರೆಕ್ಕೆ ಹೆಚ್ಚು, ಸದ್ದು ಕಡಿಮೆ.
ಪರದೆ ಬಿಸಿಲಿಗೆ ಹೆದರುವುದಿಲ್ಲ.

ಎಲ್ಲೋ ಕೂತ ಯಾರೋ
ನನ್ನ ಏಳು ವರ್ಷದ ಬೈಗುಳವನ್ನೆಲ್ಲ ಕೇಳಿಸಿಕೊಂಡು
ತಪ್ಪಾಯ್ತು ಅನ್ನುವ ಬದಲು
ಹಿತ್ತಾಳೆಯಲ್ಲೊಂದು ಒಪ್ಪೋಲೆ ಬರೆದಿದ್ದಾನೆ.
ಅರ್ಧ ರಾತ್ರಿಯಲ್ಲಿ ಅವನಿಗೊಂದು ಕೈ ಮುಗಿದೆ.
ಆಮೇಲೆ ನೆನಪಾಯಿತು:
ಎಡಕ್ಕೆ ವಾಲುವುದೇ ನನ್ನ ಮಳಿಗೆಯ ಬಾಡಿಗೆ.

ಅಕ್ಕ ಹೊಸದನ್ನು ಅಂಗೈಯಲ್ಲಿ ತೂಗಿದಳು.
‘ಮೊದಲು ಚೀಟಿ ಕಟ್ಟು, ತೂತು ಹೊಡೆಯೋ ಕತ್ತರಿ.
ಆಮೇಲೆ ಬಂತು ಟಿಕೆಟ್ ಮಿಷನ್ನು, ಇಟ್ಟಿಗೆ,
ಮಧ್ಯಾಹ್ನಕ್ಕೆ ಕೈ ಸುಡೋದು, ಕಾಗದ ನುಂಗೋದು.
ಈಗಿಂದು ಹಗುರ. ಪ್ರತಿ ಸಲ ಚೆನ್ನಾಗೇ ಮಾಡ್ತಾರೆ, ಸುಳ್ಳು ಯಾಕೆ ಹೇಳಲಿ.’
ಹೆಬ್ಬೆರಳ ಬುಡ ತೋರಿಸಿದಳು. ಗಂಟು ಊದಿತ್ತು,
ಕಡ್ಡಿ ಸವೆಯುವ ಅದೇ ಜಾಗ.
‘ಇದಕ್ಕೆ?’
ನಾನು ಭೂತಗನ್ನಡಿ ಒರೆಸತೊಡಗಿದೆ.

ಆಟ ಹಾಕಿಕೊಟ್ಟೆ.
ಸೇತುವೆಯ ನಡುವೆ ಹುಡುಗ.
ಅವಳು ಕೈ ತೆಗೆದಳು.
ನಿಂತಿದ್ದಾನೆ.
ಪಕ್ಕದ ಮಳಿಗೆಯಲ್ಲಿ ಯಾರೋ ಚೌಕಾಸಿ ಮುಗಿಸಿದರು,
ಚಹಾ ಬಂತು, ಕೆನೆಗಟ್ಟಿತು.
ಗಾಳಿಗೆ ಅವನ ಅಂಗಿಯ ಚುಂಗು ಮಾತ್ರ ಅಲುಗುತ್ತದೆ.
ಅವಳು ನೋಡುತ್ತಲೇ ಇದ್ದಳು,
ಕೊನೆಯ ನಿಲ್ದಾಣ ದಾಟಿದ ಖಾಲಿ ಬಸ್ಸಿನಲ್ಲಿ
ಮಲಗಿದ ಮಗುವನ್ನು ನೋಡುವ ಹಾಗೆ.

ಆಮೇಲೆ ಕಡ್ಡಿ ಮುಟ್ಟಿದಳು. ಮುಂದಕ್ಕೆ. ಸರಾಗ.
ಆದರೆ ಬೆರಳಿಗೆ ಹಳೆಯದೇ ಲೆಕ್ಕ,
ಎಡಕ್ಕೆ ಎಳೆಯುವವನನ್ನು ಚೂರು ಬಲಕ್ಕೆ ಜಗ್ಗಬೇಕು.
ಜಗ್ಗಿತು.
ಹುಡುಗ ಬಲಗಡೆಯ ಅಂಚಿನಿಂದ
ಹೊಳೆಗೆ.

‘ಹೋಲ್ಡಾನ್!’ ಎಂದು ಕೂಗಿಬಿಟ್ಟಳು,
ಇಡೀ ಓಣಿ ನಿಂತಿತು.

ಹಳೆಯದನ್ನು ಬದಲಿಗೆ ಕೊಡಲಿಲ್ಲ, ಚೀಲಕ್ಕೆ ಹಾಕಿಕೊಂಡಳು.
ದುಡ್ಡು ಎಣಿಸಿದಳು, ಅರ್ಧ ನೋಟು, ಕಾಲು ಚಿಲ್ಲರೆ.
ಮಿಕ್ಕ ಬಾಕಿಯನ್ನು
ಟಿಕೆಟ್ಟೊಂದರ ಬೆನ್ನಿಗೆ ಬರೆದು, ಸುತ್ತ ಗೀಟು ಹಾಕಿ
ನನ್ನ ಕೈಗಿಟ್ಟಳು:
‘ಇಳಿಯೋವಾಗ ಇಸ್ಕೋ.’